ಒಂದೇ ಹೆಬ್ಬೆರಳಿನ ಸಾಕ್ಷಿ

ಪರದೆಯ ಮೇಲೆ ಮತ್ತೆ ಅದೇ ಸಾಲು: ‘ಯಾವ ಕಂಟ್ರೋಲರೂ ಪತ್ತೆಯಾಗಿಲ್ಲ.’

ಬಟನ್ ಅಕ್ಕ ಕಂಟ್ರೋಲರಿನ ಗುಂಡಿಯನ್ನು ಮತ್ತೊಮ್ಮೆ ಒತ್ತಿದಳು. ವಿಡಿಯೋ ಗೇಮ್ ಆಡುವ ಕಂಟ್ರೋಲರ್ ರಿಪೇರಿ ಮಾಡಿ ಮಾಡಿಯೇ ಅವಳಿಗೆ ಆ ಹೆಸರು ಬಂದದ್ದು. ಹದಿನೈದು ವರ್ಷದಲ್ಲಿ ಎಂಥೆಂಥವಕ್ಕೋ ಜೀವ ಕೊಟ್ಟಿದ್ದಳು. ಆದರೆ ರಿಪೇರಿಗೆಂದು ಪೊಲೀಸ್ ಜೀಪೇ ಅಂಗಡಿ ಬಾಗಿಲಿಗೆ ಬಂದದ್ದು ಇದೇ ಮೊದಲು.

ಆಸ್ಪತ್ರೆಯ ಮಂಚದ ಮೇಲೆ ಟೀಚರ್ ಮಲಗಿದ್ದರು. ಕಾರಿನ ಅಪಘಾತದಲ್ಲಿ ಕತ್ತಿನ ಮೂಳೆ ಮುರಿದಿತ್ತು. ಗಂಟಲಲ್ಲಿ ನಳಿಕೆ, ಮಾತಿಲ್ಲ. ಅಲ್ಲಾಡುತ್ತಿದ್ದುದು ಬಲಗೈ ಹೆಬ್ಬೆರಳೊಂದೇ. ಆ ಹೆಬ್ಬೆರಳಿಗೆಂದೇ ನಾಲ್ಕು ದಿನದ ಹಿಂದೆ ಬಟನ್ ಅಕ್ಕ ಈ ಕಂಟ್ರೋಲರನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಕೊಟ್ಟಿದ್ದಳು. ಅದರ ಪುಟ್ಟ ಕಡ್ಡಿಯನ್ನು ಅತ್ತಿತ್ತ ಆಡಿಸಿದರೆ ಪರದೆಯ ಮೇಲೆ ಅಕ್ಷರ ಮೂಡುತ್ತಿತ್ತು. ಮೊದಲ ದಿನ ಟೀಚರ್ ಬರೆದದ್ದು ‘ನೀರು’. ನಿನ್ನೆ ಸಂಜೆ ಬರೆದದ್ದು ‘ಪೊಲೀಸರನ್ನು ಕರೆಸಿ’.

“ಇನ್ನೆಷ್ಟು ಹೊತ್ತು?” ಇನ್ಸ್‌ಪೆಕ್ಟರ್ ಮೇಡಂ ಗಡಿಯಾರ ನೋಡಿದರು. “ಹನ್ನೊಂದಕ್ಕೆ ಆಪರೇಷನ್‌ಗೆ ಕರ್ಕೊಂಡು ಹೋಗ್ತಾರೆ. ಆಮೇಲೆ ಏನೋ ಎತ್ತೋ, ಡಾಕ್ಟರೇ ಬಾಯಿ ಬಿಡ್ತಿಲ್ಲ.”

ಆಗ ಹತ್ತೂಕಾಲು.

“ಅಂಥಾ ಅವಸರ ಏನು ಮೇಡಂ?”

“ಕಾರು ಗುದ್ದಿ ಸೈಕಲ್‌ನವನು ಸತ್ತ. ಓಡಿಸ್ತಿದ್ದದ್ದು ಡ್ರೈವರ್, ಇಳಿದು ಓಡಿಹೋದ ಅಂತಾರೆ ಇವರ ಮನೆಯವರು. ನಾನು ಅವತ್ತು ರಜದಲ್ಲಿದ್ದೆ ಅಂತಾನೆ ಅವನು. ಹನ್ನೊಂದು ದಿನದಿಂದ ಜೈಲಲ್ಲಿದ್ದಾನೆ. ನಮಗೆ ಕಾರಲ್ಲಿ ಸಿಕ್ಕಿದ್ದು ಇವರೊಬ್ಬರೇ.”

“ಕಣ್ಣು ಮಿಟುಕಿಸಿ ಹೇಳಿದ್ರೆ?”

“ಕೋರ್ಟಲ್ಲಿ ವಕೀಲರು ಚಿಂದಿ ಮಾಡ್ತಾರೆ. ಅವರೇ ಬರೀಬೇಕು.”

*  *  *

ತಲೆದಿಂಬಿನ ಬಳಿ ಟೀಚರ ಮಗಳು ನಿಂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

“ಬೆಳಗ್ಗೆಯಿಂದ ನಾನೂ ಒದ್ದಾಡಿದೆ ಅಕ್ಕಾ. ಲೈಟೇನೋ ಉರೀತಿದೆ. ರೀಸ್ಟಾರ್ಟ್ ಮಾಡಿದೆ. ನನ್ನ ಫೋನಿನ ಕೇಬಲ್ಲೂ ಹಾಕಿ ನೋಡಿದೆ. ಊಹೂಂ.”

ಹಾಗಾದರೆ ಕೇಬಲ್ ಸರಿಯಿದೆ. ಬಟನ್ ಅಕ್ಕ ಸಾಫ್ಟ್‌ವೇರ್ ತೆಗೆದು ಹೊಸದಾಗಿ ಹಾಕಿದಳು. ಇಲ್ಲ. ಅದೇ ತೂತಿಗೆ ಮೌಸ್ ಚುಚ್ಚಿದಳು. ಮೌಸ್ ಓಡಾಡಿತು. ಕಂಟ್ರೋಲರನ್ನು ಇನ್ಸ್‌ಪೆಕ್ಟರ ಲ್ಯಾಪ್‌ಟಾಪಿಗೆ ಹಾಕಿದಳು. ಅಲ್ಲೂ ಇಲ್ಲ.

ಕಂಟ್ರೋಲರ್ ತಿರುಗಿಸಿದಾಗ ಮೂಲೆಯಲ್ಲಿ ಸಣ್ಣ ಬಿರುಕು ಕಂಡಿತು.

“ಇದು ಯಾವಾಗ ಆಯ್ತು?”

ಬಾಗಿಲ ಬಳಿ ನಿಂತಿದ್ದ ನರ್ಸ್ ಬಿಳಿಚಿಕೊಂಡಳು. “ನಿನ್ನೆ ಮಧ್ಯಾಹ್ನ ಹಾಸಿಗೆ ಬದಲಾಯಿಸುವಾಗ ಕೈ ಜಾರಿತು. ಬೇಕಂತ ಮಾಡಿದ್ದಲ್ಲ, ನಂಬಿ.”

“ಹೇಳೋಕೇನಾಗಿತ್ತು?” ಇನ್ಸ್‌ಪೆಕ್ಟರ್ ಗದರಿದರು.

ಬಟನ್ ಅಕ್ಕ ಸ್ಕ್ರೂ ಬಿಚ್ಚಿದಳು. ಒಂದು ಸ್ಕ್ರೂ ಮಂಚದ ಕೆಳಗೆ ಉರುಳಿತು. ಹುಡುಕಲು ಹೊತ್ತಿರಲಿಲ್ಲ. ಒಳಗೆ ಎಲ್ಲವೂ ಅಚ್ಚುಕಟ್ಟಾಗಿತ್ತು. ಒಂದು ಬೆಸುಗೆಯೂ ಬಿಟ್ಟಿರಲಿಲ್ಲ. ಅಲ್ಲದೆ, ಬಿದ್ದದ್ದು ಮಧ್ಯಾಹ್ನ. ಟೀಚರ್ ಪೊಲೀಸರನ್ನು ಕರೆಸಿ ಎಂದು ಬರೆದದ್ದು ಸಂಜೆ.

ಹತ್ತೂ ನಲವತ್ತು. ಟೀಚರ ನೋಟ ಮಗಳ ಮೇಲಿಂದ ಕದಲಿರಲಿಲ್ಲ.

*  *  *

ಲ್ಯಾಪ್‌ಟಾಪ್ ಸರಿ. ಕಂಟ್ರೋಲರ್ ಸರಿ. ನಡುವೆ ಉಳಿದದ್ದು ಕೇಬಲ್. ಬಟನ್ ಅಕ್ಕ ಅದನ್ನು ಬೆರಳಲ್ಲಿ ಹೊಸಕಿದಳು. ಬಣ್ಣ ಅದೇ ಕಪ್ಪು. ಆದರೆ ದಾರದ ಹಾಗೆ ತೆಳ್ಳಗಿತ್ತು. ಅವಳು ಹಾಕಿಕೊಟ್ಟದ್ದು ದಪ್ಪನೆಯದು.

“ನಿಮ್ಮ ಫೋನಿನ ಕೇಬಲ್ ಕೊಡಿ ಸ್ವಲ್ಪ,” ಎಂದಳು ಮಗಳಿಗೆ.

“ಅದು... ಮನೇಲಿದೆ.”

“ಬೆಳಗ್ಗೆ ಇಲ್ಲೇ ಹಾಕಿ ನೋಡಿದೆ ಅಂದ್ರಲ್ಲ?”

ಮಗಳು ಕೈಚೀಲವನ್ನು ಎದೆಗವಚಿಕೊಂಡಳು. ಇನ್ಸ್‌ಪೆಕ್ಟರ್ ಮಾತಾಡದೆ ಕೈ ಚಾಚಿದರು. ಚೀಲದಲ್ಲಿ ಎರಡು ಕೇಬಲ್ ಇದ್ದವು. ಒಂದು ಫೋನಿನದು. ಇನ್ನೊಂದು ದಪ್ಪನೆಯದು.

ಬಟನ್ ಅಕ್ಕ ಫೋನಿನದನ್ನೇ ಚುಚ್ಚಿದಳು. ಲ್ಯಾಪ್‌ಟಾಪ್ ‘ಟಿಣ್’ ಎಂದಿತು. ಕಂಟ್ರೋಲರ್ ಸಿಕ್ಕಿತ್ತು.

“ಈ ತೆಳು ಕೇಬಲ್ ಬರೀ ಚಾರ್ಜ್ ಮಾಡೋಕೆ, ಮೇಡಂ. ಕರೆಂಟ್ ಹೋಗುತ್ತೆ, ಸುದ್ದಿ ಹೋಗಲ್ಲ. ಅದಕ್ಕೇ ಲೈಟ್ ಉರೀತಿತ್ತು, ಕಂಪ್ಯೂಟರಿಗೆ ಮಾತ್ರ ಗೊತ್ತಾಗ್ತಿರಲಿಲ್ಲ. ಫೋನಿನ ಕೇಬಲ್ ನಿಜವಾಗಿ ಹಾಕಿದ್ರೆ ಬೆಳಗ್ಗೆಯೇ ಸರಿಹೋಗ್ತಿತ್ತು. ನಾನು ಕೇಬಲ್ ತಂಟೆಗೆ ಹೋಗಬಾರದು ಅಂತ ಹಾಗೆ ಹೇಳಿದ್ರು. ನಾನೂ ಪೆದ್ದಿ, ನಂಬಿಬಿಟ್ಟೆ.”

ಮಗಳು ಅಮ್ಮನ ಕಡೆ ತಿರುಗಿದಳು.

ಟೀಚರ ಹೆಬ್ಬೆರಳು ಆಗಲೇ ಕಡ್ಡಿಯ ಮೇಲಿತ್ತು. ಅಕ್ಷರಗಳು ಒಂದೊಂದಾಗಿ ಮೂಡಿದವು.

‘ಡ್ರೈವರ್ ಕಾರಲ್ಲಿ ಇರಲಿಲ್ಲ.’

“ಮತ್ತೆ ಓಡಿಸ್ತಿದ್ದವರು ಯಾರಮ್ಮಾ?” ಇನ್ಸ್‌ಪೆಕ್ಟರ್ ಕೇಳಿದರು.

ಹೆಬ್ಬೆರಳು ನಿಂತಿತು. ಹೊರಗೆ ಸ್ಟ್ರೆಚರಿನ ಗಾಲಿ ಸದ್ದಾಯಿತು. ಹತ್ತೂ ಐವತ್ತೈದು. ಬಾಗಿಲು ತೆರೆದು ಇಬ್ಬರು ಒಳಬಂದರು. ಬೆರಳು ಮತ್ತೆ ಕದಲಿತು.

‘ಪುಟ್ಟೀ, ನೀನೇ ಹೇಳು.’

ಮಗಳು ಮಂಚದ ಪಕ್ಕ ಕುಸಿದಳು. “ನಾನೇ, ಅಮ್ಮಾ. ನಾನೇ ಓಡಿಸ್ತಿದ್ದೆ. ಸೈಕಲ್‌ನವನು ಬಿದ್ದದ್ದು ನೋಡಿ ಜೀವ ಹಾರಿಹೋಯ್ತು. ನಿನ್ನನ್ನೂ ಅಲ್ಲೇ ಬಿಟ್ಟು ಓಡಿಬಿಟ್ಟೆ.”

ಇನ್ಸ್‌ಪೆಕ್ಟರ್ ಹೇಳಿಕೆಯನ್ನು ಬರೆದುಕೊಂಡರು. ಡ್ರೈವರನ್ನು ಬಿಡಿಸುವ ಕಾಗದ ಇವತ್ತೇ ಹೊರಡಬೇಕೆಂದು ಫೋನಿನಲ್ಲಿ ಯಾರಿಗೋ ಹೇಳಿದರು.

ಸ್ಟ್ರೆಚರ್ ಹೊರಟಿತು. ಮಗಳು ಇನ್ಸ್‌ಪೆಕ್ಟರ ಮುಖ ನೋಡಿದಳು.

“ಆಪರೇಷನ್ ರೂಮಿನ ಬಾಗಿಲ ತನಕ ಹೋಗಿ ಬಾ,” ಎಂದರು ಅವರು. “ನಾನೂ ಬರ್ತೀನಿ.”

ಕಾರಿಡಾರಿನ ಉದ್ದಕ್ಕೂ ಟೀಚರ ಹೆಬ್ಬೆರಳು ಮಗಳ ಕೈಯನ್ನು ಒತ್ತಿಕೊಂಡೇ ಇತ್ತು.