ಮನೇಲಿ ಆರಾಮಾಗಿ

“ಅಜ್ಜಿ, ನಿಂಗೆ ಅರವತ್ತೆಂಟು ಅಲ್ವಾ? ಅಮ್ಮಂಗೆ ಮೂವತ್ನಾಲ್ಕು. ಸರಿಯಾಗಿ ಅರ್ಧ!”

“ಮೆತ್ತಗೆ ಮಾತಾಡೇ. ಇದು ಆಸ್ಪತ್ರೆ, ನಿಮ್ಮ ಆಟದ ಮೈದಾನ ಅಲ್ಲ.”

ಅಜ್ಜಿ ಎಂದರೆ ಅಪ್ಪನ ಅಮ್ಮ. ಈಗ ಅಮ್ಮನಿಗೆ ಬಂದಿರುವ ಕಾಯಿಲೆಯೇ ಎರಡು ವರ್ಷದ ಹಿಂದೆ ಅವಳಿಗೂ ಬಂದಿತ್ತು. ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿ ಆರು ತಿಂಗಳಿಗೆಲ್ಲ ಅಜ್ಜಿ ಮೊದಲಿನ ಹಾಗೆ ಮನೆತುಂಬ ಓಡಾಡಿಕೊಂಡು ಎಲ್ಲರನ್ನೂ ಗದರಿಸತೊಡಗಿದ್ದಳು.

“ನಿಂಗೆ ಆರು ತಿಂಗಳು ಬೇಕಾಯ್ತು. ಅಮ್ಮಂಗೆ ನಿನ್ನ ಅರ್ಧ ವಯಸ್ಸು. ಅಂದ್ರೆ ಮೂರೇ ತಿಂಗಳು ಸಾಕು. ಔಷಧಿ ಶುರುವಾಗಿ ನಾಳೆಗೆ ಮೂರು ತಿಂಗಳು ಆಗುತ್ತೆ!”

ಅಜ್ಜಿ ಮೊಮ್ಮಗಳ ಬಿಚ್ಚಿಹೋದ ರಿಬ್ಬನ್ನನ್ನು ಬಿಗಿಯಾಗಿ ಕಟ್ಟಿದಳು.

ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಬಾಬಿನ್ ಎನ್ನುತ್ತಿದ್ದರು. ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಹೊಲಿಗೆ ಮಿಷಿನ್ನಿನೊಳಗಿನ ದಾರದ ಉರುಳೆಯ ಹಾಗೆ ಒಂದು ಕಡೆ ನಿಲ್ಲದೆ ಗಿರಗಿರ ತಿರುಗುವ ಮಗಳಿಗೆ ಅವಳೇ ಇಟ್ಟ ಹೆಸರು ಅದು.

ಅಷ್ಟರಲ್ಲಿ ಡಾಕ್ಟರು ಅಪ್ಪನ ಜೊತೆ ಹೊರಗೆ ಬಂದರು. “ಇನ್ನು ಈ ಔಷಧಿ ಬೇಡ,” ಎಂದರು. “ಪದೇ ಪದೇ ಇಲ್ಲಿಗೆ ಬಂದು ಸುಸ್ತಾಗೋದೂ ಬೇಡ. ಮನೇಲಿ ಆರಾಮಾಗಿ ಇರ್ಲಿ.”

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಒರೆಸುತ್ತಲೇ ಇದ್ದ.

ಬಾಬಿನ್ ಮನಸ್ಸು ಹಿಡಿದುಕೊಂಡದ್ದು ‘ಆರಾಮ’ ಎಂಬ ಮಾತನ್ನು. ಅವಳಿಗೆ ಜ್ವರ ಬಿಟ್ಟ ದಿನ ಎಲ್ಲರೂ ಕೇಳುವುದು ಅದನ್ನೇ ಅಲ್ಲವೇ? ‘ಆರಾಮಾಯ್ತಾ?’ ಹಾಗಾದರೆ ಅವಳ ಲೆಕ್ಕ ತಪ್ಪಿರಲಿಲ್ಲ!

ಮರುದಿನ ಬೆಲ್ ಹೊಡೆಯುವ ಮೊದಲೇ ಇಡೀ ಕ್ಲಾಸಿಗೆ ಸುದ್ದಿ ಮುಟ್ಟಿತು.

“ನಮ್ಮಮ್ಮಂಗೆ ಆರಾಮಾಯ್ತು! ಇನ್ನು ಔಷಧಿನೂ ಬೇಡ್ವಂತೆ!”

“ಹಾಗಾದ್ರೆ ನನ್ನ ಸ್ಕರ್ಟ್ ಜೇಬು ಹೊಲಿಸ್ಕೊಡೇ,” ಎಂದಳು ಪಕ್ಕದಲ್ಲಿ ಕೂರುವ ಗೆಳತಿ. “ಪೆನ್ಸಿಲ್ ಹಾಕಿದ್ರೆ ಸಾಕ್ಸ್ ಒಳಗೆ ಸಿಗುತ್ತೆ!”

“ನಾಳೆನೇ ತಗೊಂಡ್ಬಾ. ಅಮ್ಮ ಎರಡೇ ನಿಮಿಷದಲ್ಲಿ ಹೊಲೀತಾಳೆ.”

ಮಿಸ್ ಮಾತ್ರ ನಗಲಿಲ್ಲ. ಹಾಜರಿ ಪುಸ್ತಕ ತೆರೆದು, ಹೆಸರು ಕೂಗುವ ಮೊದಲು ಬಾಬಿನ್ ಹತ್ತಿರ ಬಂದು ಅವಳ ತಲೆ ನೇವರಿಸಿದರು.

ಸಂಜೆ ಬಾಬಿನ್ ಬ್ಯಾಗ್ ಕೂಡ ಇಳಿಸದೆ ಅಡುಗೆಮನೆಗೆ ಓಡಿದಳು. “ಅಜ್ಜಿ, ಅಮ್ಮಂಗೆ ಆರಾಮಾಯ್ತು ಅಂತ ಎಲ್ರಿಗೂ ಹೇಳ್ಬಿಟ್ಟೆ!”

“ಯಾರು ಹೇಳಿದ್ರೇ ನಿಂಗೆ?”

“ಡಾಕ್ಟ್ರೇ ಹೇಳಿದ್ರಲ್ಲ, ನಿನ್ನೆ!”

ಅಜ್ಜಿ ಸರಕ್ಕನೆ ನಲ್ಲಿಯ ಕಡೆ ತಿರುಗಿದಳು. ನೀರು ಸುಮ್ಮನೆ ಹರಿಯುತ್ತಲೇ ಇತ್ತು.

“ಬಾಬಿನ್, ಇಲ್ಲಿ ಬಾ,” ಎಂದು ಮುಂದಿನ ಕೋಣೆಯಿಂದ ಅಮ್ಮ ಕರೆದಳು.

ಬೆನ್ನಿಗೆ ದಿಂಬು ಇಟ್ಟುಕೊಂಡು ಅಮ್ಮ ಮಿಷಿನ್ ಮುಂದೆ ಕೂತಿದ್ದಳು. ಅವಳ ಬಳೆ ಮಣಿಕಟ್ಟಿನಿಂದ ಮೊಣಕೈವರೆಗೆ ಸಲೀಸಾಗಿ ಜಾರುತ್ತಿತ್ತು.

“ಆರಾಮ್ ಆಗೋದು ಬೇರೆ ಪುಟ್ಟಾ. ಆರಾಮಾಗಿ ಇರೋದು ಬೇರೆ.”

“ಅಂದ್ರೆ?”

“ನೋವಾಗದ ಹಾಗೆ ಮಾತ್ರೆ ಕೊಡ್ತಾರೆ. ಕಾಯಿಲೆಗೆ ಇನ್ನು ಔಷಧಿ ಇಲ್ಲ.”

“ಸುಳ್ಳು! ಅಜ್ಜಿಗೆ ವಾಸಿ ಆಯ್ತಲ್ಲ? ನೀನು ಅಜ್ಜಿಗಿಂತ ಸ್ಟ್ರಾಂಗು!”

ಅಮ್ಮ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. “ಅಜ್ಜಿ ವಯಸ್ಸಿನವರಿಗೆ ಏನೂ ತೊಂದ್ರೆ ಇಲ್ದಿದ್ರೂ ಡಾಕ್ಟ್ರು ಒಂದ್ಸಲ ಟೆಸ್ಟ್ ಮಾಡಿಸಿ ಅಂತಾರೆ. ಅಜ್ಜಿಯ ಗಡ್ಡೆ ಅಂಗಿ ಗುಂಡಿಯಷ್ಟಿದ್ದಾಗಲೇ ಸಿಕ್ತು, ತೆಗೆದುಹಾಕಿದ್ರು. ನಾನು ರಕ್ತ ಹೋಗ್ತಿದೆ ಅಂತ ಹೇಳ್ದಾಗ, ‘ಕೂತು ಕೂತು ಮೂಲವ್ಯಾಧಿ ಬಂದಿದೆ, ಈ ವಯಸ್ಸಲ್ಲಿ ಬೇರೇನೂ ಇರಲ್ಲ’ ಅಂದ್ರು ಡಾಕ್ಟ್ರು. ನಾನೂ ಹೂಂ ಅಂದೆ. ಸುಸ್ತಾದ್ರೆ, ಹೊಲಿಗೆ ಜಾಸ್ತಿ ಆಯ್ತು ಅಂದ್ಕೊಂಡೆ. ಹಾಗೇ ಒಂದು ವರ್ಷ ಹೋಯ್ತು. ಅಷ್ಟರಲ್ಲಿ ಅದು ಎಲ್ಲಾ ಕಡೆ ಹರಡಿತ್ತು.”

ಮಗಳ ಕೂದಲು ಸರಿಮಾಡುತ್ತ ಹೇಳಿದಳು, “ಎಲ್ರೂ ನನ್ನ ವಯಸ್ಸು ನೋಡಿದ್ರು ಕಣೇ. ನನ್ನನ್ನ ನೋಡ್ಲಿಲ್ಲ.”

ಬಾಗಿಲಲ್ಲಿ ನಿಂತ ಅಜ್ಜಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಇಷ್ಟು ವಯಸ್ಸಾದ ನಾನು ಗುಂಡುಕಲ್ಲಿನ ಹಾಗೆ ಇದೀನಿ...”

“ಅತ್ತೆ, ನೀವೂ ಶುರು ಮಾಡ್ಬೇಡಿ. ಬಂದು ಈ ಸೂಜಿಗೆ ದಾರ ಪೋಣಿಸಿಕೊಡಿ.”

“ನನ್ನ ಕಣ್ಣಿಗೆ ಸೂಜಿನೇ ಕಾಣಲ್ಲ. ಇನ್ನು ಅದರ ತೂತು ಎಲ್ಲಿಂದ ಕಾಣ್ಬೇಕು?”

ದಾರವನ್ನು ಬಾಬಿನ್‌ ತಾನೇ ಪೋಣಿಸಿದಳು. ಮೂರು ಸಲ ತಪ್ಪಿತು. ಕಣ್ಣಲ್ಲಿ ನೀರು ತುಂಬಿ ಸೂಜಿ ಎರಡೆರಡಾಗಿ ಕಾಣುತ್ತಿತ್ತು.

ಅಮ್ಮನ ಮಡಿಲಲ್ಲಿ ಹೊಸ ಯೂನಿಫಾರ್ಮ್ ಸ್ಕರ್ಟ್ ಇತ್ತು. ಪ್ರತಿ ವರ್ಷವೂ ಅಮ್ಮ ಸ್ಕರ್ಟಿನ ಅಂಚಿನಲ್ಲಿ ಒಂದು ಮಡಿಕೆ ಜಾಸ್ತಿ ಇಡುತ್ತಿದ್ದಳು. ಬಾಬಿನ್ ಎತ್ತರವಾದಾಗ ಅದನ್ನು ಬಿಚ್ಚಿ, ಇಸ್ತ್ರಿ ಹಾಕಿ ಉದ್ದ ಮಾಡಿಕೊಡುತ್ತಿದ್ದಳು. ಈ ಸ್ಕರ್ಟಿನ ಅಂಚು ಹಲಗೆಯಷ್ಟು ದಪ್ಪಗಿತ್ತು.

“ಇಷ್ಟೊಂದು ಯಾಕಮ್ಮ?”

“ಮೂರು ಮಡಿಕೆ ಇಟ್ಟಿದೀನಿ. ಮುಂದಿನ ವರ್ಷ ನೀಲಿ ದಾರ ಬಿಚ್ಚಬೇಕು. ಅದರ ಮುಂದಿನ ವರ್ಷ ಬಿಳಿ. ಆಮೇಲೆ ಹಳದಿ. ಸೊಂಟಕ್ಕೆ ಎಲಾಸ್ಟಿಕ್ ಹಾಕಿದೀನಿ, ಅದು ತಾನಾಗೇ ಹಿಗ್ಗುತ್ತೆ.”

‘ಯಾರು ಬಿಚ್ಚಬೇಕು?’ ಎಂದು ಕೇಳಲು ಬಾಬಿನ್ ಬಾಯಿ ತೆರೆದಳು. ಅಮ್ಮ ತಲೆ ಎತ್ತಲಿಲ್ಲ. ಹಳದಿ ದಾರದ ಕೊನೆಗೆ ಗಂಟು ಹಾಕುತ್ತಿದ್ದಳು. ಗಂಟು ಜಾರಿತು. ಮತ್ತೆ ಹಾಕಿದಳು.

ಬಾಬಿನ್ ಸ್ಟೂಲನ್ನು ಎಳೆದುಕೊಂಡು ಅಮ್ಮನ ಮೊಣಕಾಲಿಗೆ ತಾಗುವಂತೆ ಕೂತಳು.

“ಅಮ್ಮಾ, ಬಿಚ್ಚೋದು ಹೇಗೆ ಅಂತ ತೋರ್ಸು.”

ಅಮ್ಮ ಒಂದು ತುಂಡು ಬಟ್ಟೆಯನ್ನು ಮಡಿಸಿ, ನಾಲ್ಕು ಹೊಲಿಗೆ ಹಾಕಿ ಕೊಟ್ಟಳು. ಚಿಕ್ಕ ಕತ್ತರಿಯನ್ನು ಅವಳ ಬೆರಳಿಗೆ ಸಿಕ್ಕಿಸಿದಳು.

“ದಾರ ಮಾತ್ರ ಕತ್ತರಿಸ್ಬೇಕು. ಬಟ್ಟೆಗೆ ತಾಗಿಸ್ಬಾರ್ದು. ನಿಧಾನ.”

ಬಾಬಿನ್ ಉಸಿರು ಬಿಗಿಹಿಡಿದು, ಮೊದಲನೆಯ ಹೊಲಿಗೆಯ ಕೆಳಗೆ ಕತ್ತರಿಯ ತುದಿಯನ್ನು ತೂರಿಸಿದಳು.