ಲೂನ್‌ಗೆ ಬರೆದ ಹನ್ನೊಂದು ಓಲೆಗಳು

"ಯಾರದು ಕೆಟ್ಟಿರೋದು?"

ಆ ದನಿ ಕೇಳಿದೊಡನೆ ಐಲಾಳ ಬೆರಳುಗಳು ಕೀಬೋರ್ಡಿನ ಮೇಲೆಯೇ ನಿಂತುಬಿಟ್ಟವು. ತಿರುಗಿ ನೋಡಬೇಕಾಗಿರಲಿಲ್ಲ. ಹದಿನಾಲ್ಕು ತಿಂಗಳು... ಆ ದನಿಯನ್ನು ಮರೆಯಲು ಅಷ್ಟು ದಿನ ಸಾಲಲಿಲ್ಲ!

"ಐಲಾದು," ಎಂದಳು ಪಕ್ಕದ ಮೇಜಿನ ಗ್ಲೆಂಡಾ. "ನಮ್ಮೆಲ್ಲರದ್ದೂ ಚೆನ್ನಾಗೇ ಇದೆ. ಬೆಳಿಗ್ಗೆ ನೀನು ಹಳೇ ಯಂತ್ರ ಏನೋ ಮುಚ್ಚಿದ್ಯಲ್ಲ ಓರೆಸ್ಟ್, ಆಮೇಲಿಂದ ಅವಳಿಗೆ ಮಾತ್ರ ಲೂನ್ ಸಿಗ್ತಿಲ್ಲ. ಕೆನೋರಾಗೆ ಹೋಗಿ ಕೆಲಸ ಮರೆತುಬಿಟ್ಯಾ?"

ಥಂಡರ್ ಬೇ ಊರಿನ ಆ ಸರೋವರ ಸಂಶೋಧನಾ ಕೇಂದ್ರದಲ್ಲಿ ಪ್ರತಿ ಸರ್ವರ್‌ಗೂ ಒಂದು ನೀರುಹಕ್ಕಿಯ ಹೆಸರು. ಲೂನ್ ಅವರ ಓಲೆಪೆಟ್ಟಿಗೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಶಿಬಿರಕ್ಕೆ ಹೋದವರಿಗೆ ಫೋನ್ ಇಲ್ಲ. ರೇಡಿಯೊ ಕೊಂಡಿಯ ಮೂಲಕ ಲೂನ್ ಒಂದೇ ದಾರಿ; ಕಚೇರಿಯ ಉಳಿದ ಓಲೆಗಳಿಗೆ ಬೇರೆ ಪೆಟ್ಟಿಗೆ.

ಹಿಂದಿನ ಚಳಿಗಾಲ ಓರೆಸ್ಟ್ ಆ ಶಿಬಿರಕ್ಕೆ ಹೋಗಿದ್ದ. ಬಂದ ಮೇಲೆ ಮದುವೆ ಎಂದು ಮಾತಾಗಿತ್ತು. ಐಲಾ ಬರೆದಳು, ಮತ್ತೆ ಬರೆದಳು. ಉತ್ತರವೇ ಇಲ್ಲ. ಪ್ರತಿ ಸೋಮವಾರ ಅವನ ಮಂಜುಗಡ್ಡೆಯ ಅಳತೆಗಳು ಮಾತ್ರ ಕಚೇರಿಗೆ ತಪ್ಪದೆ ಬರುತ್ತಿದ್ದವು. ಫೆಬ್ರವರಿಯಲ್ಲಿ ಅವಳ ಅಮ್ಮ ತೀರಿಕೊಂಡಳು. ಆಗಲೂ ಒಂದು ಸಾಲಿಲ್ಲ!

ಏಪ್ರಿಲ್‌ನಲ್ಲಿ ಅವನು ಮರಳಿದಾಗ ಉಂಗುರವನ್ನು ಲಕೋಟೆಯಲ್ಲಿಟ್ಟು ಗ್ಲೆಂಡಾಳ ಕೈಯಲ್ಲಿ ಕಳಿಸಿದಳು. ಅವನೂ ಏನೂ ಕೇಳದೆ ಕೆನೋರಾ ಕಚೇರಿಗೆ ಹೊರಟುಹೋದ.

ಈಗ ಹಳೆಯ ಯಂತ್ರಗಳನ್ನು ಮುಚ್ಚಲು ಒಂದು ವಾರದ ಮಟ್ಟಿಗೆ ಬಂದಿದ್ದ.

"ಸ್ವಲ್ಪ ಸರೀತೀರಾ?"

ನೀವು! 'ಐಲೂ' ಎಂದು ಕರೆಯುತ್ತಿದ್ದ ಬಾಯಿ... ಅವಳು ಕುರ್ಚಿಯನ್ನು ಹಿಂದಕ್ಕೆಳೆದುಕೊಂಡಳು.

ಅವಳು ಕೆಲಸ ಮಾಡುವ ಲಿನಕ್ಸ್ ಗಣಕ ನಿಜಕ್ಕೂ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿರಲಿಲ್ಲ. ಅದು ನೆಲಮಾಳಿಗೆಯ ದೊಡ್ಡ ಸರ್ವರಿನೊಳಗೆ ಬದುಕುವ ವರ್ಚುವಲ್ ಯಂತ್ರ. ಶಿಬಿರಕ್ಕೆ ಹೊರಡುವ ಹಿಂದಿನ ದಿನ ಅವನೇ ಅವಳಿಗಾಗಿ ಕಟ್ಟಿಕೊಟ್ಟಿದ್ದು.

ಅವನು ಲೂನ್‌ನ ಅಂಕಿ ವಿಳಾಸ ಕೊಟ್ಟು ಕೂಗಿ ನೋಡಿದ. ಥಟ್ಟನೆ ಓಗೊಟ್ಟಿತು. ಹೆಸರು ಹಿಡಿದು ಕೂಗಿದ. ಸದ್ದಿಲ್ಲ.

"ದಾರಿ ಸರಿಯಿದೆ. ಹೆಸರು ಹೇಳಿದ್ರೆ ಬೇರೆ ಬಾಗಿಲಿಗೆ ಹೋಗ್ತಿದೆ." ಕಚೇರಿಯ ಎಲ್ಲ ಹೆಸರುಗಳನ್ನು ಬಲ್ಲ ಸರ್ವರನ್ನು ಕೇಳಿದ. ಅದು ಸರಿಯಾದ ವಿಳಾಸವನ್ನೇ ಹೇಳಿತು. "ವಿಚಿತ್ರ... ನಿಮ್ಮ ಯಂತ್ರ ಇದನ್ನ ಕೇಳ್ತಾನೇ ಇಲ್ಲ."

"ಮತ್ತೆ ಯಾರನ್ನ ಕೇಳ್ತಿದೆ?"

"ತನ್ನೊಳಗೇ ಒಂದು ಸಣ್ಣ ಪಟ್ಟಿ ಇರುತ್ತೆ, ಹೋಸ್ಟ್ಸ್ ಫೈಲ್ ಅಂತ. ಮೊದಲು ಅದನ್ನ ನೋಡುತ್ತೆ. ಅಲ್ಲಿ ಹೆಸರು ಸಿಕ್ಕಿದ್ರೆ ಹೊರಗೆ ಯಾರನ್ನೂ ಕೇಳಲ್ಲ."

ಅವನು ಆ ಪಟ್ಟಿಯನ್ನು ತೆರೆದ.

ಲೂನ್ ಎಂಬ ಹೆಸರು. ಅದರ ಮುಂದೆ, ಅವನು ಬೆಳಿಗ್ಗೆ ಮುಚ್ಚಿದ್ದ ಹಳೆಯ ಯಂತ್ರದ, ಅಂದರೆ ಲೂನ್‌ನ ಪರೀಕ್ಷಾ ಪ್ರತಿಯ ವಿಳಾಸ. ಕೆಳಗೊಂದು ಟಿಪ್ಪಣಿ: 'ಪರೀಕ್ಷೆಗೆ ಮಾತ್ರ. ಇವತ್ತೇ ಅಳಿಸಬೇಕು. ಓ. ಮೆಲ್ನಿಕ್.'

ಅವನು ಆ ಸಾಲನ್ನು ಎರಡು ಸಲ ಓದಿದ.

"ನಾನು... ಅಳಿಸ್ಲಿಲ್ಲ. ಇಷ್ಟು ದಿನ ನೀನು ಲೂನ್ ಅಂತ ತೆರೀತಿದ್ದದ್ದು ಈ ಪ್ರತೀನೇ," ಎಂದ. "ಐಲಾ, ನೀನು ಬರೆದಿದ್ಯಾ? ಶಿಬಿರಕ್ಕೆ?"

"ಬರೆದಿದ್ನಾ ಅಂತ ಕೇಳ್ತಿದ್ದೀಯಾ?" ಅವಳ ದನಿ ಒಡೆಯಿತು. "ಹನ್ನೊಂದು ಸಲ!"

ಗ್ಲೆಂಡಾ ಮೆಲ್ಲಗೆ ಎದ್ದಳು. "ನಾನು ಕಾಫಿ ತರ್ತೀನಿ. ನಿಧಾನವಾಗಿ ತರ್ತೀನಿ."

ಓರೆಸ್ಟ್ ಪರೀಕ್ಷಾ ಪ್ರತಿಯನ್ನು ಮತ್ತೆ ಎಬ್ಬಿಸಿದ. ಹನ್ನೊಂದು ಓಲೆಗಳು ಅಲ್ಲೇ ಬಿದ್ದಿದ್ದವು, ಯಾರೂ ತೆರೆಯದೆ. ಆಮೇಲೆ ಆ ಒಂದು ಸಾಲನ್ನು ಅಳಿಸಿದ. ನಿಜವಾದ ಲೂನ್ ತೆರೆದುಕೊಂಡಿತು. ಅದರಲ್ಲಿ ಅವಳ ಹೆಸರಿಗೆ ಅವನ ಇಪ್ಪತ್ತಮೂರು ಓಲೆಗಳು!

ಐಲಾ ಫೆಬ್ರವರಿಯದನ್ನು ಒತ್ತಿದಳು.

'ಅಮ್ಮನ ವಿಷಯ ಗ್ಲೆಂಡಾ ಬರೆದಳು. ನೀನು ಯಾಕೆ ಹೇಳ್ಲಿಲ್ಲ? ಬರಲಾ? ಒಂದು ಮಾತು ಹೇಳು, ಹಿಮಗಾಡಿ ಹತ್ತಿ ಹೊರಡ್ತೀನಿ. ಬೇಡ ಅಂದ್ರೂ ಸರಿ. ಸುಮ್ಮನೆ ಮಾತ್ರ ಇರಬೇಡ.'

ಅವಳು ಬಾಯಿಗೆ ಕೈ ಒತ್ತಿಕೊಂಡಳು. ಇಷ್ಟು ದಿನ ಸಾಕಿಕೊಂಡ ಸಿಟ್ಟನ್ನು ಈಗ ಎಲ್ಲಿಡಲಿ?

"ಹೊರಟು ಬಂದುಬಿಡಬೇಕಿತ್ತು ನಾನು," ಎಂದ ಅವನು. "ಬರಲಾ ಅಂತ ಕೇಳ್ತಾ ಕೂತೆ. ಯಂತ್ರದ ತಪ್ಪಲ್ಲ ಅದು."

"ಕಡೇ ದಿನ ಅಮ್ಮ ಕೇಳಿದ್ಲು, ಓರೆಸ್ಟ್. ಆ ಹುಡುಗ ಬರ್ತಾನಾ ಅಂತ." ಅವಳು ತಡೆದು ತಡೆದು ಹೇಳಿದಳು. "ನಾನು ಏನಂದೆ ಗೊತ್ತಾ? ಅವನಿಗೆ ನಾವು ಬೇಡಮ್ಮ ಅಂದೆ. ಅವಳು ಗೋಡೆ ಕಡೆ ತಿರುಗಿಕೊಂಡ್ಲು. ಅದನ್ನೇ ನಂಬಿಕೊಂಡು ಹೋದ್ಲು..."

ಅವನು ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕುಸಿದು ಕೂತ. ಅವಳ ಕೈ ತಾನಾಗಿ ಅವನ ತಲೆಗೂದಲಿಗೆ ಇಳಿಯಿತು.

"ನಿನ್ನ ಬಿಟ್ಟು ಒಂದು ದಿನಾನೂ ಇರಕ್ಕಾಗಲಿಲ್ಲ, ಐಲೂ. ಇದ್ದ ಹಾಗೆ ನಟಿಸಿದೆ ಅಷ್ಟೆ."

"ನಾನೂನು."

ಅವಳು ಕಣ್ಣೊರೆಸಿಕೊಂಡು ಎದ್ದಳು. ಗೂಟದಿಂದ ಕೋಟು ತೆಗೆದು ಅವನತ್ತ ಕೈ ಚಾಚಿದಳು.

"ನಡಿ. ಸ್ಮಶಾನದ ಗೇಟು ಐದಕ್ಕೆ ಮುಚ್ಚುತ್ತಾರೆ."

"ಅಲ್ಲಿ... ನಾನು ಅಮ್ಮನಿಗೆ ಏನಂತ ಹೇಳಲಿ?"

"ನೀನೇನೂ ಹೇಳಬೇಡ," ಎಂದಳು ಐಲಾ. "ಪಕ್ಕದಲ್ಲಿ ನಿಂತಿರು ಸಾಕು. ಹೇಳಬೇಕಾದವಳು ನಾನು."