ಬಲಗಡೆಯ ಕೀಲು

ಆವತ್ತು ಗಾಡಿ ಕೆಟ್ಟಿರಲಿಲ್ಲ. ಇಷ್ಟು ಸಣ್ಣ ಮಾತು ಗುರಲಿಂಗಪ್ಪನಿಗೆ ತಿಳಿಯಲು ಐದು ವರ್ಷ ಬೇಕಾಯಿತು.

ತಿಳಿದದ್ದು ಪಕ್ಕದ ಮನೆಯ ರಾಮವ್ವನಿಂದ. ೧೯೭೩ರ ಯುಗಾದಿ ಆಗಷ್ಟೇ ಕಳೆದಿತ್ತು. ಬಾಗೇವಾಡಿಯ ಬಿಸಿಲಿಗೆ ಶಾವಿಗೆ ಒಣಹಾಕುತ್ತ ಕುಳಿತಿದ್ದ ಮುದುಕಿ, ಅವನ ಒಂಟಿ ಬಾಳು ಕಂಡು ಸಮಾಧಾನ ಹೇಳಲೆಂದೇ ಬಾಯಿ ತೆಗೆದಿದ್ದಳು.

"ಶೇವಂತೆವ್ವ ಜ್ವರದಾಗ ನಾಕ ದಿನಾ ನರಳಿದ್ಲು ತಮ್ಮಾ. ನಾನ ಹೋಗಿ ಸಾವ್ಕಾರ್ರ ಬಾಗಲಾ ಬಡದೆ. ಬಿಜಾಪುರ ದವಾಖಾನಿಗೆ ಒಯ್ರಿ ಅಂದೆ. ಗಾಡಿ ಕೆಟ್ಟೈತಿ, ಚಾಲೂ ಆಗವಲ್ದು ಅಂದ್ರು. ಅವರರೆ ಏನ ಮಾಡ್ತಾರ? ನಿನ್ನ ನಸೀಬ."

ಗುರಲಿಂಗಪ್ಪ ಹೂಂ ಎಂದು ಒಳಗೆ ಹೋದ. ಗಡಿಗೆಯ ನೀರು ಕುಡಿದ. ಆಮೇಲೆ ಬಹಳ ಹೊತ್ತು ತಂಬಿಗೆ ಹಿಡಿದುಕೊಂಡೇ ನಿಂತಿದ್ದ.

ಹೆಂಡತಿ ಶೇವಂತೆವ್ವ ಸಾಯುವಾಗ ಅವನು ಬಿಜಾಪುರದ ಜೈಲಿನಲ್ಲಿದ್ದ. ಇದ್ದದ್ದೂ ಇನ್ನೊಬ್ಬರ ತಪ್ಪಿಗೆ. ಸಾಲೋಟಗಿಯ ಹತ್ತಿರ ಕುರಿ ದಾಟಿಸುತ್ತಿದ್ದ ಒಬ್ಬ ಕುರುಬ ಗಾಡಿಗೆ ಸಿಕ್ಕು ಸತ್ತಾಗ, ಕಾರಿನ ಸ್ಟೇರಿಂಗ್ ಹಿಡಿದದ್ದು ಸಾವುಕಾರ ಬಸಂತರಾಯ. ಡ್ರೈವರ್ ಗುರಲಿಂಗಪ್ಪ ಪಕ್ಕದಲ್ಲಿ ಕುಳಿತಿದ್ದ. "ನೀನ ಹೊಡ್ಯಾಕತ್ತಿದ್ದೆ ಅಂತ ಹೇಳು ಗುರಲಿಂಗಾ. ನಿನ್ನ ಮನಿ ನಾ ನೋಡ್ಕೋತೇನಿ," ಎಂದಿದ್ದ ಬಸಂತರಾಯ. ಇಪ್ಪತ್ತು ವರ್ಷ ಅನ್ನ ಹಾಕಿದ ಮನೆ. ಗುರಲಿಂಗಪ್ಪ ಹಾಗೆಯೇ ಹೇಳಿದ, ಎರಡು ವರ್ಷ ಶಿಕ್ಷೆಯಾಯಿತು. ಹೆಂಡತಿಯ ಸಾವಿನ ಸುದ್ದಿ ಹೊತ್ತ ಕಾರ್ಡು ಅವನ ಕೈ ಸೇರಿದ್ದು ಹನ್ನೊಂದನೆಯ ದಿನ, ಮಣ್ಣಾಗಿ ಎಲ್ಲ ಮುಗಿದ ಮೇಲೆ. ಬರೆದವನು ಸಾವುಕಾರನ ಅಂಗಡಿಯ ಗುಮಾಸ್ತ.

ಜೈಲಿನಿಂದ ಬಂದ ಮರುದಿನ ಬೆಳಿಗ್ಗೆ ಅವನು ಮೊದಲು ಮಾಡಿದ ಕೆಲಸ ಗಾಡಿಯ ಬಾನೆಟ್ ಎತ್ತಿದ್ದು. ಒಂದೇ ಚಾವಿಗೆ ಎಂಜಿನ್ ಎದ್ದಿತ್ತು. ಕಾರ್ಬುರೇಟರ್, ಪೆಟ್ರೋಲ್ ಪಂಪು, ಪ್ಲಗ್ಗಿನ ತಂತಿ, ಎಲ್ಲದರ ಮೇಲೂ ಧೂಳಿನಡಿಯಲ್ಲಿ ಅವನು ಎರಡು ವರ್ಷದ ಹಿಂದೆ ಎಳೆದ ವಿಭೂತಿಯ ಗೆರೆ ಹಾಗೇ ಇತ್ತು. ಆ ಪದ್ಧತಿ ಶೇವಂತೆವ್ವನದು. ಮದುವೆಯಾದ ಹೊಸತರಲ್ಲಿ, ಗಂಡ ಯಾವುದಾದರೂ ಭಾಗ ಬಿಚ್ಚಿ ಸರಿಮಾಡಿದರೆ ಅವಳು ಬಂದು ಅದರ ಮೇಲೆ ಮೂರು ಬೆರಳು ವಿಭೂತಿ ಎಳೆದು "ಹುಷಾರಾಗಿ ಹೋಗಿ ಬಾ" ಎನ್ನುತ್ತಿದ್ದಳು. ಅದು ಅವನಿಗೋ ಗಾಡಿಗೋ ಎಂದು ಅವನು ಕೇಳಿರಲಿಲ್ಲ. ಬರಬರುತ್ತ ಅವನೇ ಎಳೆಯತೊಡಗಿದ, ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ಬಾನೆಟ್ಟಿಗೂ. ಜೇಬಿನಲ್ಲಿ ಬೀಡಿ ಇರದಿದ್ದರೂ ಒಂದು ತುಂಡು ವಿಭೂತಿಗಟ್ಟಿ ಇರುತ್ತಿತ್ತು. ಮುದ್ದೇಬಿಹಾಳದಲ್ಲಿ ಅವನಿಗೆ ಕೆಲಸ ಕಲಿಸಿದ ಉಸ್ತಾದ್ ಇಬ್ರಾಹಿಂಸಾಬ ಕಂಡಾಗಲೆಲ್ಲ ನಗುತ್ತಿದ್ದ: "ಇನ್ನ ಗಾಡಿ ಕೊಳ್ಳಾಗ ಲಿಂಗಾನೂ ಕಟ್ಟಿಬಿಡೋ."

ಆವತ್ತು ಆ ಗೆರೆಗಳನ್ನು ನೋಡಿ ಅವನು ಹೆಮ್ಮೆಪಟ್ಟಿದ್ದ. ತನ್ನ ಕೈಕೆಲಸ ಎರಡು ವರ್ಷ ತಡೆಯಿತಲ್ಲ ಎಂದು. ಈಗ ತಂಬಿಗೆ ಹಿಡಿದು ನಿಂತವನಿಗೆ ಅದೇ ಗೆರೆಗಳು ಬೇರೆ ಮಾತು ಹೇಳಿದವು. ಆ ಎರಡು ವರ್ಷದಲ್ಲಿ ಒಂದು ನಟ್ಟನ್ನೂ ಯಾರೂ ಬಿಚ್ಚಿಲ್ಲ. ಕೆಟ್ಟ ಗಾಡಿ ತಾನಾಗಿ ವಾಸಿಯಾಗುವುದಿಲ್ಲ. ಶೇವಂತೆವ್ವ ಬೆಂದು ಹೋಗುತ್ತಿದ್ದಾಗ ಗಾಡಿ ಅವಳ ಮನೆಯೆದುರಿನ ಬೇವಿನ ಗಿಡದ ಕೆಳಗೆ ಗಟ್ಟಿಮುಟ್ಟಾಗಿ ನಿಂತಿತ್ತು.

ಬಸಂತರಾಯ ಯಾಕೆ ಸುಳ್ಳು ಹೇಳಿದ? ಇದನ್ನು ಅವನು ಎಷ್ಟೋ ದಿನ ಯೋಚಿಸಿದ. ದ್ವೇಷವಂತೂ ಇರಲಿಲ್ಲ. ದೀಪಾವಳಿಗೆ ಧೋತರ ಕೊಡುವ, "ನಮ್ಮ ಗುರಲಿಂಗ" ಎಂದು ಹತ್ತು ಜನರ ಮುಂದೆ ಹೇಳುವ ಮನುಷ್ಯ. ಬಹುಶಃ ಊಟದ ಹೊತ್ತಾಗಿತ್ತು. ಬಹುಶಃ ಕಾಯಿಲೆಯವಳು ಸೀಟಿನ ಮೇಲೆ ವಾಂತಿ ಮಾಡಿಯಾಳು ಎನಿಸಿರಬೇಕು. ಅಷ್ಟೇ ಇರಬೇಕು, ಇದಕ್ಕಿಂತ ದೊಡ್ಡ ಕಾರಣ ಇರಲಾರದು ಎಂದು ಖಾತ್ರಿಯಾದ ದಿನ ಗುರಲಿಂಗಪ್ಪ ಅವನನ್ನು ಕೊಲ್ಲಲು ತೀರ್ಮಾನಿಸಿದ.

ಅವಸರವಿರಲಿಲ್ಲ. ಅವನ ಮನೆಗೆ ಬರುವವರು ಯಾರೂ ಇರಲಿಲ್ಲ. ಜೈಲಿನಿಂದ ಬಂದವನ ಲೈಸೆನ್ಸ್ ಹೋಗಿತ್ತು. ಗಾಡಿಯನ್ನು ಸಾವುಕಾರನೇ ಓಡಿಸುತ್ತಿದ್ದ, ಇವನ ಪಾಲಿಗೆ ರಿಪೇರಿ ಉಳಿದಿತ್ತು. ಸಾವುಕಾರನ ವಾಡೆಯ ಬಾಗಿಲು ಸಣ್ಣದಾದ್ದರಿಂದ ಗಾಡಿ ಮೊದಲಿನಂತೆ ಇವನ ಬೇವಿನ ಗಿಡದ ಕೆಳಗೇ ನಿಲ್ಲುತ್ತಿತ್ತು. ಹದಿನೆಂಟು ವರ್ಷದ ಹಳೆಯ ಕರಿ ಗಾಡಿ. ಸಂಜೆ ಅದರ ಪಕ್ಕ ಕಟ್ಟೆಯ ಮೇಲೆ ಕುಳಿತು ಅವನು ರೊಟ್ಟಿ ತಿನ್ನುತ್ತಿದ್ದ. "ಯಾಕ, ಇವತ್ತ ಕೆಮ್ಮಾಕತ್ತೀಯಲ್ಲ?" ಎಂದು ಅದನ್ನು ಕೇಳುತ್ತಿದ್ದ. ಉದ್ದದ ಕಬ್ಬಿಣದ ಸಲಾಕೆಯ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟರೆ ಒಳಗಿನ ಯಾವ ವಾಲ್ವು ಬಡಿಯುತ್ತದೆ, ಯಾವ ಬೇರಿಂಗ್ ಒಣಗಿದೆ ಎಲ್ಲ ತಿಳಿಯುತ್ತಿತ್ತು. ಮನುಷ್ಯರ ಧ್ವನಿಗಿಂತ ಆ ಧ್ವನಿಯನ್ನೇ ಅವನು ಹೆಚ್ಚು ಕೇಳಿದ್ದ.

ಬ್ರೇಕಿನ ಗೊಡವೆ ಬೇಡ ಎಂದು ಮೊದಲೇ ನಿಶ್ಚಯಿಸಿದ. ಗಾಡಿ ಬಿದ್ದಲ್ಲೆಲ್ಲ ಪೊಲೀಸರು ಮೊದಲು ಕೇಳುವುದೇ ಬ್ರೇಕು. ಮೇ ತಿಂಗಳ ಮೊದಲ ವಾರ ದಾರಿ ತಾನಾಗಿ ತೆರೆಯಿತು. ಸ್ಟೇರಿಂಗ್ ಆಡುತ್ತಿದೆ ಎಂದು ಬಸಂತರಾಯನೇ ದೂರಿದ. ಗುರಲಿಂಗಪ್ಪ ಮುಂದಿನ ಗಾಲಿ ಜಾಕಿ ಮೇಲೆತ್ತಿ ಎರಡೂ ಕೈಯಿಂದ ಅಲುಗಿಸಿದ, ಕೆಳಗೆ ಮಲಗಿ ಬೆರಳಿಟ್ಟು ನೋಡಿದ. ಎರಡೂ ಗಾಲಿಯನ್ನು ತಿರುಗಿಸುವ ಉದ್ದ ಸರಳಿನ ತುದಿಗಳಲ್ಲಿ ಒಂದೊಂದು ಗುಂಡು ಕೀಲು ಇರುತ್ತದೆ. ಕೀಲಿಗೊಂದು ನಟ್ಟು, ನಟ್ಟು ತಿರುಗದಂತೆ ಅಡ್ಡಲಾಗಿ ತೂರಿಸಿದ ಒಂದು ಸಣ್ಣ ಪಿನ್ನು. ಎಡಗಡೆಯದನ್ನು ಅವನು ಚಳಿಗಾಲದಲ್ಲಿ ಬದಲಿಸಿದ್ದ. ಬಲಗಡೆಯದು ಸವೆದಿತ್ತು. ಸವೆದಿದ್ದರೂ ಪಿನ್ನು ಗಟ್ಟಿಯಿದ್ದರೆ ಇನ್ನೊಂದು ವರ್ಷ ಆರಾಮವಾಗಿ ಓಡುತ್ತಿತ್ತು.

ಈ ಅರ್ಧ ಸತ್ಯ ಅವನಿಗೆ ಸಾಕಾಗಿತ್ತು. ನೇರ ಸಾವುಕಾರನ ಕಾಳಿನ ಅಡತಿ ಅಂಗಡಿಗೆ ಹೋದ. ಕಟ್ಟೆಯ ಮೇಲೆ ಏಳೆಂಟು ಜನ ಇರುವ ಹೊತ್ತನ್ನೇ ನೋಡಿ ಹೋದ.

"ಸಾವ್ಕಾರ್ರ, ಬಲಗಡೆ ಕೀಲ ಸವದೈತ್ರಿ. ಸೊಲ್ಲಾಪುರದಿಂದ ಸಾಮಾನ ಬರೂತನಕ ದೂರ ಒಯ್ಯಬ್ಯಾಡ್ರಿ. ಅದನ್ನ ನಾ ಮುಟ್ಟಿಲ್ಲ, ಸಾಮಾನ ಬರೂತನಕ ಮುಟ್ಟೂದೂ ಇಲ್ಲ."

"ನಿನ್ನ ಮಾತ ಕೇಳಿದ್ರ ನಾ ಚಕ್ಕಡಿ ಹೂಡಬೇಕಾಗತೈತಿ," ಎಂದು ಬಸಂತರಾಯ ನಕ್ಕ. ಕಟ್ಟೆಯೂ ನಕ್ಕಿತು. ಗುರಲಿಂಗಪ್ಪನೂ ಸ್ವಲ್ಪ ನಕ್ಕ. ಅಲ್ಲೇ ಕುಳಿತು ಗುಮಾಸ್ತನ ಕೈಯಿಂದ ಸೊಲ್ಲಾಪುರದ ಅಂಗಡಿಗೆ ಕಾರ್ಡು ಬರೆಸಿದ, ತಾರೀಖು ಹಾಕಿದ್ದನ್ನು ಎರಡು ಸಲ ನೋಡಿದ. ಅವನ ಹೆಂಡತಿಯ ಸಾವನ್ನು ಬರೆದದ್ದೂ ಅದೇ ಗುಮಾಸ್ತನೇ. ಅಕ್ಷರಗಳು ಮೊದಲಿನಷ್ಟೇ ಮುದ್ದಾಗಿದ್ದವು.

ಬಸಂತರಾಯ ಪ್ರತಿ ಬುಧವಾರ ಕಾಳು ಖರೀದಿಗೆ ಮುದ್ದೇಬಿಹಾಳದ ಮೇಲೆ ಹಾಯ್ದು ನಾಲತವಾಡಕ್ಕೆ ಹೋಗುತ್ತಿದ್ದ. ಹೋಗುವುದು ಒಬ್ಬನೇ. ಅವನ ಹೆಂಡತಿ ಇಂದುಬಾಯಿ ಆ ಕುರುಬ ಸತ್ತ ದಿನದಿಂದ ಗಾಡಿಯಲ್ಲಿ ಕಾಲಿಟ್ಟಿರಲಿಲ್ಲ. ಬಾಗೇವಾಡಿ ಬಿಟ್ಟು ಹದಿನಾಲ್ಕು ಮೈಲಿಗೆ ರಸ್ತೆ ಒಂದು ಹಳ್ಳಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲೇ ತಿರುವು, ತಿರುವಿನಲ್ಲೇ ಕಟಾಂಜನವಿಲ್ಲದ ಕಲ್ಲಿನ ಸೇತುವೆ. ಅಲ್ಲಿಯವರೆಗೆ ಬರೀ ಖಡಿ ಕಿತ್ತ ರಸ್ತೆ. ಪಿನ್ನಿಲ್ಲದ, ಮೂರು ಸುತ್ತು ಸಡಿಲಿಸಿದ ನಟ್ಟು ಆ ಕುಲುಕಾಟಕ್ಕೆ ಎಷ್ಟು ದೂರ ತಡೆದೀತು ಎಂಬುದನ್ನು ಇಪ್ಪತ್ತು ವರ್ಷದ ಕೈ ಬಲ್ಲದು. ಈ ಸಲ ತಪ್ಪಿದರೆ ಮುಂದಿನ ಬುಧವಾರ. ಎಲ್ಲ ಮುಗಿದ ಮೇಲೆ ನೋಡುವವರಿಗೆ ಕಾಣುವುದು ಸವೆದ ಕೀಲು, ತುಕ್ಕು ಹಿಡಿದು ಮುರಿದ ಪಿನ್ನು, ಮಾತು ಕೇಳದ ಸಾವುಕಾರ.

ಬುಧವಾರ ನಸುಕಿನಲ್ಲಿ ಎದ್ದು ಸ್ನಾನ ಮಾಡಿದ. ಲಿಂಗಪೂಜೆಗೆ ಕುಳಿತ. ಹಣೆಗೆ ವಿಭೂತಿ ಹಚ್ಚಿಕೊಳ್ಳುವಾಗ ಶೇವಂತೆವ್ವ ನೆನಪಾದಳು, ಕಣ್ಣು ತುಂಬಿತು. ಇಂದು ಗಾಡಿಯ ಬಾನೆಟ್ಟಿಗೆ ವಿಭೂತಿ ಹಚ್ಚುವುದಿಲ್ಲ ಎಂದು ಮನಸ್ಸಿನಲ್ಲೇ ಅವಳಿಗೆ ಮಾತು ಕೊಟ್ಟ. ಅವಳ ಕೈಯ ಪದ್ಧತಿಯನ್ನು ಈ ಹೊಲಸಿಗೆ ತರಬಾರದು.

ಗೋಣಿ ಚೀಲ ಹಾಸಿ ಗಾಡಿಯ ಕೆಳಗೆ ಸರಿದ. ಗಟ್ಟಿಯಿದ್ದ ಪಿನ್ನು ಎಳೆದ. ನಟ್ಟನ್ನು ಮೂರು ಸುತ್ತು ಹಿಂದೆ ತಂದ. ತನ್ನ ಹಳೇ ಸಾಮಾನಿನ ಡಬ್ಬಿಯಲ್ಲಿ ಆರಿಸಿಟ್ಟಿದ್ದ, ತುಕ್ಕು ತಿಂದ ಅರ್ಧ ಪಿನ್ನನ್ನು ತೂತಿಗೆ ಸಿಕ್ಕಿಸಿದ. ನಟ್ಟು ತಿರುಗಿಸಿದ ಪಾನಾದ ಕಚ್ಚು ಹೊಳೆಯದಂತೆ ನಟ್ಟಿನ ಮೂಲೆಗಳಿಗೂ ಪಕ್ಕದ ಸರಳಿಗೂ ಹಳೆಯ ಗ್ರೀಸು, ಅದರ ಮೇಲೆ ಧೂಳು ಸವರಿದ. ಕಾಲು ತಾಸಿನ ಕೆಲಸ. ಕೈ ತನ್ನ ಪಾಡಿಗೆ, ಯಾವತ್ತಿನ ಹಾಗೆ, ಮೊದಲಿನಿಂದ ಕೊನೆಯವರೆಗೆ ಮಾಡಿ ಮುಗಿಸಿತು. ಮನಸ್ಸು ಆಗಲೇ ಹಳ್ಳದ ತಿರುವಿನಲ್ಲಿತ್ತು. ಹೊರಬಂದು ಗೋಣಿ ಚೀಲ ಝಾಡಿಸಿ, ಒಳ್ಳೆಯ ಪಿನ್ನನ್ನು ಬಾವಿಗೆ ಎಸೆದ.

ಎಂಟು ಗಂಟೆಗೆ ಬಸಂತರಾಯ ಅತ್ತರಿನ ವಾಸನೆಯೊಂದಿಗೆ ಬಂದ. ಹಿಂದೆಯೇ ಅಂಗಡಿಯ ಹಮಾಲ ಜೈನುದ್ದೀನ, ತಲೆಯ ಮೇಲೆ ಖಾಲಿ ಚೀಲದ ಗಂಟು. ಅದನ್ನು ಹಿಂದಿನ ಸೀಟಿಗೆ ತುಂಬಿ ಅವನು ಪಕ್ಕಕ್ಕೆ ಸರಿದು ನಿಂತ.

"ಏನೋ ಗುರಲಿಂಗಾ, ಇವತ್ತ ಗಾಡಿ ಹಣಿ ಖಾಲಿ ಐತಿ?"

"ಕೀಲ ರಿಪೇರಿ ಆಗೂತನಕ ಹಚ್ಚೂದಿಲ್ರಿ. ನಾ ಈ ಗಾಡಿ ಪಾಸ್ ಮಾಡಿಲ್ಲ. ಹೋಗಬ್ಯಾಡ್ರಿ."

ಬಸಂತರಾಯ ಆಗಲೇ ಸ್ಟೇರಿಂಗ್ ಹಿಂದೆ ಕುಳಿತಿದ್ದ. ಒಂದು ಗಳಿಗೆ, ಆ ಮನುಷ್ಯ ಇಳಿದು ವಾಪಸು ಹೋದರೆ ಸಾಕು ಎಂದೂ ಅನಿಸಿತು. "ಜೈಲಿಗೆ ಹೋಗಿ ಬಂದಮ್ಯಾಲೆ ಭಾಳ ಅಂಜುಬುರುಕ ಆಗೀದಿ ನೀ," ಎಂದು ಬಸಂತರಾಯ ಚಾವಿ ತಿರುಗಿಸಿದ. ಒಂದೇ ಚಾವಿಗೆ ಎದ್ದಿತು.

ಸುದ್ದಿ ಬಂದದ್ದು ಹನ್ನೊಂದರ ಬಸ್ಸಿನೊಂದಿಗೆ. ಅಂಗಡಿಯ ಬಾಗಿಲು ಹಾಕಿದರು. ವಾಡೆಯಿಂದ ಇಂದುಬಾಯಿಯ ಅಳು ಕೇಳುತ್ತಿತ್ತು. ಗುರಲಿಂಗಪ್ಪ ಮಣ್ಣಿಗೆ ಹೋದ, ಹೆಗಲು ಕೊಟ್ಟ, ಎಲ್ಲರೊಂದಿಗೆ ಬಂದು ಕಟ್ಟೆಯ ಮೇಲೆ ಕುಳಿತ. ಎದೆ ಹಗುರಾದೀತು ಎಂದುಕೊಂಡಿದ್ದ. ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಸಂಜೆ ರೊಟ್ಟಿ ಮುರಿದು ಅಭ್ಯಾಸದಂತೆ ಏನೋ ಕೇಳಲು ಬಾಯಿ ತೆರೆದ, ಕೇಳುವುದಕ್ಕೆ ಎದುರಿಗೆ ಏನೂ ಇರಲಿಲ್ಲ. ಇಂಥ ಒಂಟಿತನವನ್ನು ಅವನು ಜೈಲಿನಲ್ಲಿಯೂ ಉಂಡಿರಲಿಲ್ಲ.

ಮೂರನೆಯ ದಿನ ಪೊಲೀಸ್ ಫೌಜದಾರರು ಅವನನ್ನು ಜೀಪಿನಲ್ಲಿ ಹಳ್ಳಕ್ಕೆ ಕರೆದೊಯ್ದರು. ಒಳ್ಳೆಯ ಮಾತಿನ ಮನುಷ್ಯ. ಕಟ್ಟೆಯ ಜನ, ಜೈನುದ್ದೀನ, ಗುಮಾಸ್ತನ ಕಾರ್ಡು, ಎಲ್ಲರ ಸಾಕ್ಷಿಯೂ ಗುರಲಿಂಗಪ್ಪನ ಪರವಾಗಿಯೇ ಇತ್ತು. "ಒಂದ ಸಹಿ ಬೇಕಪಾ, ಅಷ್ಟ. ಆ ಕೀಲ ನೀ ಮುಟ್ಟಿದ್ದಿಲ್ಲ, ಹೌದಲ್ಲ?" ಎಂದರು. "ವರ್ಷ ಆತ್ರಿ ಅದಕ್ಕ ಕೈ ಹಚ್ಚಿ," ಎಂದು ಗುರಲಿಂಗಪ್ಪ ಸಹಿ ಮಾಡಿದ. ಗಾಡಿ ಒಣ ಹಳ್ಳದ ಉಸುಕಿನಲ್ಲಿ ಮಗ್ಗುಲಾಗಿ ಬಿದ್ದಿತ್ತು, ಹೊಟ್ಟೆಯೆಲ್ಲ ಬಿಸಿಲಿಗೆ. ತಪಾಸಣೆಗೆಂದು ಮುದ್ದೇಬಿಹಾಳದಿಂದ ಕರೆಸಿದ್ದ ಇಬ್ರಾಹಿಂಸಾಬ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ.

ಶಿಷ್ಯನನ್ನು ಕಂಡು ಮುದುಕ ಎಂದಿನಂತೆ ನಗಲಿಲ್ಲ. "ಮುಟ್ಟಿಲ್ಲ ಅಂತ ಬರಕೊಟ್ಟಿ ಏನೋ, ಗುರಲಿಂಗಾ?" ಎಂದು ಮೆಲ್ಲಗೆ ಕೇಳಿದ. "ಹೌದ್ರಿ ಉಸ್ತಾದ," ಎಂದು ಗುರಲಿಂಗಪ್ಪ ಹತ್ತಿರ ಬಂದು ಬಗ್ಗಿದ. ಕಳಚಿದ ಸರಳು ಜೋತುಬಿದ್ದಿತ್ತು. ಕೀಲು ಸವೆದಿತ್ತು, ಪಿನ್ನಿನ ಮುರುಕು ತುಕ್ಕು ಹಿಡಿದಿತ್ತು, ಎಲ್ಲ ಅವನು ಇಟ್ಟ ಹಾಗೆಯೇ ಇತ್ತು. ಮುದುಕ ಬೆರಳು ತೋರಿಸಿದ. ಕೀಲಿನ ಪಕ್ಕ, ಸರಳಿನ ಮೇಲೆ, ಹದಿನಾಲ್ಕು ಮೈಲಿಯ ಧೂಳು ಕುಡಿದರೂ ಅಳಿಯದೆ, ಬುಧವಾರ ಸವರಿದ ಗ್ರೀಸಿಗೆ ಅಂಟಿಕೊಂಡು, ಮೂರು ಬೆರಳಿನ ವಿಭೂತಿ ಬೆಳ್ಳಗೆ ಕಾಣುತ್ತಿತ್ತು.